ದಕ್ಷಿಣ ಆಫ್ರಿಕದಲ್ಲೊಂದು ಗೃಹಸ್ಥಾಶ್ರಮ

ಚರಿತ್ರೆಯೆಂದೊಡನೆ ಅರಸರ ವಂಶಾವಳಿ, ಯುದ್ಧಗಳ ಕಾಲನಿರ್ಣಯ, ಒಪ್ಪಂದಗಳ ಒಕ್ಕಣೆ ಇವುಗಳೇ ಮನಸ್ಸಿಗೆ ಬರುವುದು ರೂಢಿಯಾಗಿದೆ. ಒಂದು ಮನೆಯ ಅಡುಗೆ, ಉಡುಗೆ, ಬಟ್ಟೆಯ ಒಗೆತ, ಮಕ್ಕಳ ಪಾಠ ಇವೂ ಚರಿತ್ರೆಯ ವಿಷಯಗಳೆಂದರೆ ಅನೇಕರು ಸುಲಭವಾಗಿ ಒಪ್ಪಲಾರರು. ಆದರೆ ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ನೆಲಸಿದ ಜನರಲ್ಲಿ ಉಂಟಾಗುವ ಪರಿವರ್ತನೆಯು ಮೊದಲು ತೋರುವುದು ಸಭೆಯಲ್ಲಲ್ಲ, ಮನೆಯಲ್ಲಿ. ಕಾಲಿಗೆ ಏನನ್ನು ತೊಡಬೇಕು, ಕೈಯಿಂದ ಉಣ್ಣಬೇಕೆ ಮುಳ್ಳುಚಮಚದಿಂದ ಉಣ್ಣಬೇಕೆ, ನೆರೆಯವರ ಎದುರಿಗೆ ಯಾವ ಬಗೆಯಾಗಿ ಸೀರೆಯನ್ನು ಉಡಬೇಕು ಎಂಬ ಅಲ್ಪ ಪ್ರಶ್ನೆಗಳಿಗೆ ಪತಿಪತ್ನಿಯರು ಕಂಡುಕೊಳ್ಳುವ ಉತ್ತರಗಳಲ್ಲಿಯೇ ಅವರ ಮುಂದಿನ ಬಾಳಿನ ಬೀಜವು ಅಡಗಿರುತ್ತದೆ.

ಮೋಹನದಾಸ ಕರಮಚಂದ ಗಾಂಧಿಯವರೂ ಕಸ್ತೂರಬಾ ಅವರೂ ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಸಂಸಾರವು ಈ ಮಾತಿಗೆ ತಕ್ಕ ನಿದರ್ಶನವಾಗಿದೆ. ೧೮೯೭ರಿಂದ ೧೯೧೪ರವರೆಗೆ, ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ, ಈ ದಂಪತಿಗಳು ಅಲ್ಲಿ ಮನೆ ಮಾಡಿಕೊಂಡಿದ್ದರು. ಆ ದೇಶದಲ್ಲಿ ನಡೆದ ಸತ್ಯಾಗ್ರಹದ ಕಥೆಯು ಜಗದ್ವಿಖ್ಯಾತವಾದುದು. ಆ ಮನೆಯ ಹೊಸ್ತಿಲಿನ ಒಳಗೆ ನಡೆದುದನ್ನು ಮಾತ್ರ ಅಷ್ಟಾಗಿ ಯಾರೂ ಆಲೋಚಿಸುವುದಿಲ್ಲ. ಹೊರಗಿನ ಹೋರಾಟಕ್ಕೆ ಬೇಕಾದ ಶಿಕ್ಷಣವೆಲ್ಲವೂ ಮೊದಲು ಒಳಗೆ ನಡೆಯಿತೆಂಬುದನ್ನೂ, ಆ ಶಿಕ್ಷಣದಲ್ಲಿ ಗುರುವಾಗಬೇಕೆಂದು ಹೊರಟ ಪತಿಯು ಅನೇಕ ವೇಳೆ ಶಿಷ್ಯನಾಗಬೇಕಾಯಿತೆಂಬುದನ್ನೂ ವಿಚಾರಿಸಿದರೆ ಆ ಮಹತ್ಕಾರ್ಯದ ಸ್ವರೂಪವು ಇನ್ನಷ್ಟು ಸ್ಪಷ್ಟವಾಗುವುದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕಸ್ತೂರಬಾ ಅವರು ಓದುಬರಹವನ್ನು ಹೆಚ್ಚಾಗಿ ಕಲಿತವರಲ್ಲ; ದಕ್ಷಿಣ ಆಫ್ರಿಕದ ಆ ವರ್ಷಗಳ ಕಥೆಯನ್ನು ಅವರು ಬರೆದಿಡಲಿಲ್ಲ. ಅವರ ಸುಖದುಃಖಗಳನ್ನು ಕುರಿತು ತಿಳಿದುಬರುವುದೆಲ್ಲವೂ ಬಹುಮಟ್ಟಿಗೆ ಪತಿಯ ಆತ್ಮಕಥೆಯಿಂದ, ಅವರು ರಚಿಸಿದ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸದಿಂದ, ಮತ್ತು ಜೊತೆಯಲ್ಲಿ ವಾಸಿಸಿದ್ದ ಮಿಲ್ಲಿ ಪೊಲಾಕ್ ಎಂಬ ಮಹಿಳೆ ೧೯೩೧ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥದಂತಹ ಬರಹಗಳಿಂದ. ಆತ್ಮಕಥೆಯು ಪತಿಯ ತಪ್ಪುಗಳನ್ನು ಮುಚ್ಚದೆ ಹೇಳುವ ಗ್ರಂಥವಾದುದರಿಂದ ಅದರಲ್ಲಿ ಪತ್ನಿಯ ಪ್ರತ್ಯುತ್ತರಗಳೂ ಉಳಿದುಬಂದಿವೆ. ಆದರೂ ಒಬ್ಬರ ಮಾತನ್ನು ಇನ್ನೊಬ್ಬರ ಲೇಖನಿಯಿಂದ ಕೇಳುತ್ತಿರುವೆವೆಂಬುದನ್ನು ವಾಚಕರು ಮರೆಯಬಾರದು.

ಇಬ್ಬರೂ ೧೮೬೯ರಲ್ಲಿ ಪೋರಬಂದರಿನಲ್ಲಿ ಹುಟ್ಟಿದವರು; ಹದಿಮೂರರ ಪ್ರಾಯದ ಆಸುಪಾಸಿನಲ್ಲಿ ಅವರಿಗೆ ವಿವಾಹವಾಯಿತು. ಗಾಂಧಿಯವರು ೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ತೆರಳಿ ೧೮೯೧ರಲ್ಲಿ ಹಿಂದಿರುಗಿದರು. ಪುನಃ ೧೮೯೩ರಲ್ಲಿ ಒಂದು ವ್ಯಾಪಾರ ಸಂಸ್ಥೆಯ ವ್ಯಾಜ್ಯದ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋದರು. ಈ ಎರಡು ವಿರಹಕಾಲಗಳಲ್ಲಿಯೂ ಕಸ್ತೂರಬಾ ಕಾಠಿಯಾವಾಡದ ಅವಿಭಕ್ತ ಕುಟುಂಬದಲ್ಲಿ ಉಳಿದರು. ಆದಕಾರಣ ೧೮೯೬ರ ಕೊನೆಯಲ್ಲಿ ಪತಿಯೊಡನೆ ಹಡಗನ್ನೇರಿದಾಗ ಅವರು ದಾಟಿದುದು ಸಮುದ್ರವನ್ನು ಮಾತ್ರವಲ್ಲ. ಅತ್ತೆಮನೆಯ ದೊಡ್ಡ ಸಂಸಾರದಿಂದ, ತಮ್ಮದೇ ಆದ ಮೊದಲನೆಯ ಮನೆಗೆ ಅವರು ಹೊರಟಿದ್ದರು. ಜೊತೆಯಲ್ಲಿ ಇಬ್ಬರು ಗಂಡುಮಕ್ಕಳೂ ವಿಧವೆಯಾದ ನಾದಿನಿಯ ಒಬ್ಬನೇ ಮಗನೂ ಇದ್ದರು.

ಈ ಪ್ರಯಾಣದ ಸಿದ್ಧತೆಯಲ್ಲಿಯೇ ಮೊದಲನೆಯ ಪರಿವರ್ತನೆಯು ನಡೆಯಿತು. ನಾಗರಿಕರೆನಿಸಿಕೊಳ್ಳಬೇಕಾದರೆ ಉಡುಗೆತೊಡುಗೆಗಳಲ್ಲಿಯೂ ನಡೆನುಡಿಗಳಲ್ಲಿಯೂ ಐರೋಪ್ಯರನ್ನು ಆದಷ್ಟು ಹೋಲಬೇಕೆಂದು ಆಗ ಗಾಂಧಿಯವರು ನಂಬಿದ್ದರು. ಗೌನನ್ನು ತೊಡಿಸುವುದು ಸರಿಬೀಳದೆ ಹೋದುದರಿಂದ, ಭಾರತೀಯರಲ್ಲಿ ಹೆಚ್ಚು ಸುಧಾರಿಸಿದವರೆಂದು ಹೆಸರಾಗಿದ್ದ ಪಾರ್ಸಿಗಳ ರೀತಿಯನ್ನು ಅವರು ಆರಿಸಿಕೊಂಡರು. ಕಸ್ತೂರಬಾ ಪಾರ್ಸಿಯವರಂತೆ ಸೀರೆಯುಟ್ಟರು. ಮಕ್ಕಳು ಪಾರ್ಸಿ ಕೋಟು ಷರಾಯಿಗಳನ್ನು ಧರಿಸಿದರು. ಎಲ್ಲರ ಕಾಲಿಗೂ ಬೂಟು ಕಾಲುಚೀಲಗಳು ಬಂದವು. ಹುಟ್ಟಿದಂದಿನಿಂದ ಬಯಲಾಗಿದ್ದ ಪಾದಗಳು ಬೂಟಿನೊಳಗೆ ಇರುಕಿಕೊಂಡು ಬೆರಳುಗಳು ಹುಣ್ಣಾದವು. ಕಾಲುಚೀಲಗಳು ಬೆವರಿನಿಂದ ನಾರತೊಡಗಿದವು. ಮುಳ್ಳುಚಮಚ ಚಾಕುಗಳಿಂದ ಉಣ್ಣುವುದಂತೂ ಅವರಿಗೆ ಇನ್ನೂ ಬೇಸರದ ಕೆಲಸವಾಗಿತ್ತು. ಪತಿಯು ಬಾಯಿಮುಚ್ಚಿಸಲು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದನು. ಆ ಉತ್ತರದಲ್ಲಿ ಯುಕ್ತಿಗಿಂತ ಅಧಿಕಾರವೇ ಹೆಚ್ಚಾಗಿತ್ತೆಂದು ಬಹುಕಾಲದ ಮೇಲೆ ಅವರೇ ಬರೆದಿದ್ದಾರೆ. ಮುಂದೆ ಆ ಮೋಹವು ಕಳೆದಾಗ ಹಳೆಯ ರೀತಿಗೆ ಹಿಂದಿರುಗುವುದೂ ಮನೆಯವರಿಗೆ ಅಷ್ಟೇ ತೊಡಕಾಗಿದ್ದಿರಬಹುದು. ತಮಗೆ ಬೇಡವಾಗಿದ್ದುದನ್ನು ಅಭ್ಯಾಸ ಮಾಡಿ, ಅಭ್ಯಾಸವಾದ ಮೇಲೆ ಅದನ್ನು ಬಿಡಬೇಕಾದ ಈ ಎರಡು ಶ್ರಮಗಳೂ ಪತ್ನೀಪುತ್ರರ ಪಾಲಿಗೆ ಬಂದವು.

ಇಷ್ಟೆಲ್ಲ ವೇಷವಿದ್ದರೂ ಬಿಳಿಯರ ಮರ್ಯಾದೆಯು ದೊರೆಯಲಿಲ್ಲ. ೧೮೯೬ರ ಡಿಸೆಂಬರಿನಲ್ಲಿ ಡರ್ಬನ್ ರೇವಿಗೆ ಬಂದ ಹಡಗನ್ನು ರೋಗದ ನೆವದಿಂದ ತಡೆದು, ಇಪ್ಪತ್ತಮೂರು ದಿನ ಪ್ರಯಾಣಿಕರನ್ನು ಇಳಿಯಗೊಡಲಿಲ್ಲ. ೧೮೯೭ರ ಜನವರಿ ೧೩ರಂದು ಕಸ್ತೂರಬಾ ಮತ್ತು ಮಕ್ಕಳು ಗಾಡಿಯಲ್ಲಿ ಪಾರ್ಸಿ ರುಸ್ತುಂಜಿಯವರ ಮನೆಯನ್ನು ಸೇರಿದರು. ಹಿಂದಿನಿಂದ ನಡೆದು ಬಂದ ಗಾಂಧಿಯವರನ್ನು ಜನರ ಗುಂಪು ಕಲ್ಲು ಮೊಟ್ಟೆಗಳಿಂದ ಹೊಡೆಯಿತು. ಪೊಲೀಸ್ ಅಧಿಕಾರಿಯ ಪತ್ನಿ ಶ್ರೀಮತಿ ಅಲೆಗ್ಸಾಂಡರ್ ತಮ್ಮ ಕೊಡೆಯನ್ನು ಅಡ್ಡವಾಗಿ ಹಿಡಿದು ಅವರನ್ನು ಉಳಿಸಿದರು. ಪರದೇಶದ ನೆಲದ ಮೇಲೆ ಕಸ್ತೂರಬಾ ಕಳೆದ ಮೊದಲನೆಯ ದಿನವು ಇಂತಹುದು.

ಡರ್ಬನ್ನಿನ ಬೀಚ್ ಗ್ರೋವ್ ಎಂಬಲ್ಲಿ ಮನೆಯನ್ನು ಹೂಡಿದ ಮೇಲೆ ಪತಿಯಲ್ಲಿಯೂ ಸಣ್ಣ ಸಣ್ಣ ಬದಲಾವಣೆಗಳು ಆರಂಭವಾದವು. ಅಗಸನ ಖರ್ಚು ಹೆಚ್ಚಾಗಿ, ಬಟ್ಟೆಗಳು ಸಮಯಕ್ಕೆ ಬಾರದೆ ಹೋಗಲು, ಬ್ಯಾರಿಸ್ಟರರು ಒಗೆಯುವ ವಿಷಯದ ಪುಸ್ತಕವನ್ನು ತಂದು ಓದಿ, ತಾವೇ ಕಲಿತು, ಪತ್ನಿಗೂ ಕಲಿಸಿದರು. ಮೊದಲನೆಯ ಸಲ ಕಾಲರಿಗೆ ಗಂಜಿಯು ಹೆಚ್ಚಾಗಿ, ಇಸ್ತ್ರಿಯ ಬಿಸಿಯು ಕಡಮೆಯಾಗಿ, ನ್ಯಾಯಸ್ಥಾನದಲ್ಲಿ ನಿಂತಿರುವಾಗ ಅದರಿಂದ ಗಂಜಿಯು ಉದುರಿತು; ವಕೀಲಮಿತ್ರರು ನಕ್ಕರು. ಪ್ರಿಟೋರಿಯದಲ್ಲಿ ಒಬ್ಬ ಆಂಗ್ಲೇಯ ಕ್ಷೌರಿಕನು ಕರಿಯನ ತಲೆಯನ್ನು ಮುಟ್ಟಲಾರೆನೆಂದಾಗ ತಾವೇ ಕತ್ತರಿಯನ್ನು ಕೊಂಡು ಕನ್ನಡಿಯ ಮುಂದೆ ಕೂದಲನ್ನು ಕತ್ತರಿಸಿಕೊಂಡರು. ಹಿಂದಲೆಯು ಹಾಳಾಗಿ, ಇಲಿ ತಿಂದಿತೋ ಎಂದು ಕೇಳಿಸಿಕೊಂಡರು. ೧೯೦೦ರ ಮೇ ತಿಂಗಳಿನಲ್ಲಿ ಕಿರಿಯ ಮಗ ದೇವದಾಸನು ಹುಟ್ಟಿದಾಗ ವೈದ್ಯನಾಗಲಿ ಸೂಲಗಿತ್ತಿಯಾಗಲಿ ಸಮಯಕ್ಕೆ ದೊರೆಯದೆ, ಮೊದಲೇ ಗುಜರಾತಿ ಪುಸ್ತಕವೊಂದನ್ನು ಓದಿ ಸಿದ್ಧರಾಗಿದ್ದ ಪತಿಯೇ ಪ್ರಸವಕಾರ್ಯವನ್ನು ನೆರವೇರಿಸಿದರು. ಅಂದಿನ ಕಾಠಿಯಾವಾಡದಲ್ಲಿ ಒಬ್ಬ ದಿವಾನರ ಮಗನು ಬಟ್ಟೆಯನ್ನು ಒಗೆಯುವುದೂ ಪತ್ನಿಯ ಬಾಣಂತನಕ್ಕೆ ನಿಲ್ಲುವುದೂ ಊಹೆಗೆ ಮೀರಿದ ಸಂಗತಿಗಳು. ಸುತ್ತಲೂ ಬಂಧುಗಳಿಲ್ಲದ ಪರಸ್ಥಳದ ಏಕಾಂತವು ಈ ಸ್ವಾತಂತ್ರ್ಯವನ್ನು ಅವರಿಗೆ ಕೊಟ್ಟಿತು.

ಆದರೆ ಅದೇ ಏಕಾಂತವು ಪತ್ನಿಯನ್ನು ಎಷ್ಟು ನಿರಾಧಾರಳನ್ನಾಗಿ ಮಾಡಬಲ್ಲುದೆಂಬುದಕ್ಕೆ ೧೮೯೮ರಲ್ಲಿ ನಡೆದ ಪ್ರಸಂಗವು ಸಾಕ್ಷಿಯಾಗಿದೆ. ಆ ಮನೆಯಲ್ಲಿ ಗಾಂಧಿಯವರ ಕಚೇರಿಯ ಗುಮಾಸ್ತರೂ ವಾಸವಾಗಿದ್ದರು. ಕೋಣೆಗಳಲ್ಲಿ ಬಚ್ಚಲಿನ ಮೋರಿಯಿರಲಿಲ್ಲವಾದುದರಿಂದ ಮೂತ್ರಕ್ಕಾಗಿ ಪಾತ್ರೆಗಳನ್ನು ಇಡುತ್ತಿದ್ದರು. ಹಳಬರು ತಮ್ಮ ತಮ್ಮ ಪಾತ್ರೆಯನ್ನು ತಾವೇ ತೊಳೆಯುವರು. ಹೊಸಬರದನ್ನು ದಂಪತಿಗಳು ತೊಳೆಯಬೇಕು. ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದವರಲ್ಲಿ ಹುಟ್ಟಿದ ಒಬ್ಬ ಕ್ರೈಸ್ತ ಗುಮಾಸ್ತನು ಹೊಸದಾಗಿ ಬಂದಾಗ ಕಸ್ತೂರಬಾ ಅವರ ಸಂಸ್ಕಾರವು ಅಡ್ಡಬಂದಿತು. ಪತಿಯು ತೊಳೆಯುವುದನ್ನು ಅವರು ನೋಡಲಾರರು, ತಾವಾಗಿ ತೊಳೆಯಲೂ ಆರರು. ಕೊನೆಗೆ ಕಣ್ಣೀರು ಸುರಿಸುತ್ತ, ಕೆಂಗಣ್ಣಿನಿಂದ ಗದರಿಸುತ್ತ, ಪಾತ್ರೆಯನ್ನು ಹಿಡಿದು ಮೆಟ್ಟಿಲಿಳಿದು ಬಂದರು. ಪತಿಗೆ ಅಷ್ಟು ಸಾಲದಾಯಿತು. ನಗುಮುಖದಿಂದ ಮಾಡಬೇಕೆಂದು ಅವರು ಕೂಗಾಡಿದರು. ಹಾಗಾದರೆ ನಿಮ್ಮ ಮನೆಯನ್ನು ನೀವೇ ಇಟ್ಟುಕೊಳ್ಳಿ, ತಾನು ಹೊರಟುಹೋಗುವೆನೆಂದು ಆಕೆ ಹೇಳಲು, ಗಾಂಧಿಯವರು ಕೈಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋಗಿ ಕದವನ್ನು ತೆರೆಯತೊಡಗಿದರು. ಆಗ ಕಸ್ತೂರಬಾ, ನಾಚಿಕೆಯಿಲ್ಲವೆ ಎಂದು ಕೇಳಿ, ಇಲ್ಲಿ ತನಗೆ ತಾಯಿತಂದೆಗಳುಂಟೆ, ನೆಂಟರುಂಟೆ, ಹೋಗುವುದಾದರೂ ಎಲ್ಲಿಗೆ ಎಂದರು.

ಈ ಪ್ರಶ್ನೆಯು ಪರದೇಶದಲ್ಲಿ ಬಾಳಿದ ಅಸಂಖ್ಯ ಗೃಹಿಣಿಯರ ಪ್ರಶ್ನೆಯಾಗಿದೆ. ಸ್ವದೇಶದಲ್ಲಿ ಮನಸ್ತಾಪವಾದರೆ ತೌರುಮನೆಯಿದೆ, ಬುದ್ಧಿಹೇಳುವ ಹಿರಿಯರಿದ್ದಾರೆ. ಕಡಲಾಚೆಯಲ್ಲಿ ಪತಿಯ ಮನೆಯ ಬಾಗಿಲೊಂದೇ ಬಾಗಿಲು. ಗಾಂಧಿಯವರು ನಾಚಿಕೊಂಡು ಕದವನ್ನು ಮುಚ್ಚಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಧರ್ಮವು ಪತಿಯ ಪಕ್ಷದಲ್ಲಿತ್ತೆಂಬುದು ನಿಸ್ಸಂದೇಹ. ಆದರೆ ಆ ಧರ್ಮವನ್ನು ಬಲಾತ್ಕಾರದಿಂದ ಸ್ಥಾಪಿಸಹೊರಟ ರೀತಿಯು ಅಧರ್ಮವಾಗಿತ್ತು. ಬಿಳಿಯರು ತಮ್ಮನ್ನು ಹೊರದೂಡುವುದನ್ನು ಅನ್ಯಾಯವೆಂದು ಸಾರುತ್ತಿದ್ದವರು ತಮ್ಮ ಮನೆಯ ಬಾಗಿಲಲ್ಲಿ ಅದೇ ಅನ್ಯಾಯವನ್ನು ಮಾಡಲು ಕೈಯೆತ್ತಿದ್ದರು.

೧೯೦೧ರಲ್ಲಿ ಸ್ವದೇಶಕ್ಕೆ ಹಿಂದಿರುಗುವ ಸಮಯದಲ್ಲಿ ಇನ್ನೊಂದು ವಾದವು ನಡೆಯಿತು. ಬೀಳ್ಕೊಡುವ ಜನರು ಚಿನ್ನ, ಬೆಳ್ಳಿ, ವಜ್ರಗಳ ಉಡುಗೊರೆಗಳನ್ನು ತಂದರು; ಅವುಗಳಲ್ಲಿ ಕಸ್ತೂರಬಾ ಅವರಿಗಾಗಿಯೇ ಕೊಟ್ಟ ಐವತ್ತು ಗಿನಿ ಬೆಲೆಯ ಚಿನ್ನದ ಹಾರವೊಂದಿತ್ತು. ಲೋಕಸೇವೆಗೆ ಪ್ರತಿಫಲವನ್ನು ತೆಗೆದುಕೊಳ್ಳಬಾರದೆಂದು ನಿಶ್ಚಯಿಸಿದ ಗಾಂಧಿಯವರು ಮೊದಲು ಮಕ್ಕಳನ್ನು ಒಪ್ಪಿಸಿ ತಮ್ಮ ಕಡೆಗೆ ಮಾಡಿಕೊಂಡು, ಅನಂತರ ಪತ್ನಿಯನ್ನು ಕೇಳಿದರು. ಮುಂದೆ ಬರುವ ಸೊಸೆಯರಿಗೆ ಬೇಡವೆ ಎಂದು ಕಸ್ತೂರಬಾ ವಾದಿಸಿದರು. ಹಾರವು ಕೊಟ್ಟದ್ದು ನಿನ್ನ ಸೇವೆಗೋ ನನ್ನ ಸೇವೆಗೋ ಎಂದು ಪತಿಯು ಕೇಳಲು, ಕಂಡಕಂಡವರನ್ನೆಲ್ಲ ಮನೆಗೆ ತಂದು ಹಗಲಿರುಳು ತನ್ನಿಂದ ದುಡಿಸಿದುದು ಸೇವೆಯಲ್ಲವೆ ಎಂದು ಆಕೆ ಮರುನುಡಿದರು. ಈ ಮಾತು ನಾಟಿತೆಂದು ಗಾಂಧಿಯವರೇ ಒಪ್ಪಿದ್ದಾರೆ. ಒಡವೆಗಳೆಲ್ಲವೂ ಸಮಾಜಸೇವೆಯ ಧರ್ಮನಿಧಿಗೆ ಸೇರಿದವು. ಪತಿಯ ನಿಶ್ಚಯವು ಕಾಲಾಂತರದಲ್ಲಿ ಕಸ್ತೂರಬಾ ಅವರಿಗೂ ಸರಿಯೆನಿಸಿತೆಂದು ಆತ್ಮಕಥೆಯು ತಿಳಿಸುತ್ತದೆ. ಆದರೂ ಮನೆಯೊಳಗಿನ ದುಡಿಮೆಯನ್ನು ಲೋಕಸೇವೆಯ ಲೆಕ್ಕದಲ್ಲಿ ಬರೆದುಕೊಳ್ಳಬೇಕೆಂಬ ಆಕೆಯ ವಾದಕ್ಕೆ ಅಂದು ಯಾರೂ ಉತ್ತರವನ್ನು ಕೊಡಲಿಲ್ಲ.

೧೯೦೨ರ ಕೊನೆಯಲ್ಲಿ ಗಾಂಧಿಯವರು ಪುನಃ ಕರೆಯಲ್ಪಟ್ಟು ಆಫ್ರಿಕಕ್ಕೆ ಹೋದರು. ಕೆಲಕಾಲದ ಬಳಿಕ ಕಸ್ತೂರಬಾ ಮಕ್ಕಳೊಡನೆ ಜೋಹಾನ್ಸ್‌ಬರ್ಗ್ ನಗರದ ಮನೆಗೆ ಬಂದರು. ಅಷ್ಟರಲ್ಲಿ ಪತಿಯ ಜೀವನದೃಷ್ಟಿಯು ಬಹಳ ಬದಲಾಗಿತ್ತು. ೧೯೦೪ರಲ್ಲಿ ರಸ್ಕಿನ್ನನ ಗ್ರಂಥವೊಂದನ್ನು ರೈಲಿನಲ್ಲಿ ಓದಿ, ಡರ್ಬನ್ನಿಗೆ ಸಮೀಪದಲ್ಲಿ ನೂರು ಎಕರೆ ಜಮೀನನ್ನು ಕೊಂಡು, ಫೀನಿಕ್ಸ್ ಎಂಬ ಆಶ್ರಮವನ್ನು ಅವರು ಸ್ಥಾಪಿಸಿದ್ದರು. ಜೋಹಾನ್ಸ್‌ಬರ್ಗಿನ ಮನೆಯಲ್ಲಿಯೂ ಸರಳತೆಯ ಪ್ರಯೋಗಗಳು ನಡೆದವು. ಅಂಗಡಿಯ ರೊಟ್ಟಿಯನ್ನು ಬಿಟ್ಟು, ಏಳು ಪೌಂಡು ಕೊಟ್ಟು ಹಿಟ್ಟು ಬೀಸುವ ಕೈಯಂತ್ರವನ್ನು ತಂದರು. ಅದರ ಕಬ್ಬಿಣದ ಚಕ್ರವು ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಬೆಳಗಿನಲ್ಲಿ ಬ್ಯಾರಿಸ್ಟರರು, ಮಕ್ಕಳು, ಮನೆಯಲ್ಲಿಯೇ ವಾಸವಾಗಿದ್ದ ಆಂಗ್ಲ ಮಿತ್ರ ಹೆನ್ರಿ ಪೊಲಾಕ್, ಅವರ ಪತ್ನಿ ಮಿಲ್ಲಿ ಇವರೆಲ್ಲರೂ ಸರದಿಯಿಂದ ಚಕ್ರವನ್ನು ತಿರುಗಿಸುವರು. ಅಡುಗೆಯ ಕೆಲಸದ ನಡುವೆ ಕಸ್ತೂರಬಾ ಕೂಡ ಆಗಾಗ ಕೈಗೂಡಿಸುವರು. ಹಿಂದೆ ಮುಳ್ಳುಚಮಚವನ್ನು ಆಜ್ಞೆಯಿಂದ ತಂದಿದ್ದ ಪತಿಯು ಈಗ ಬೀಸುವ ಯಂತ್ರಕ್ಕೆ ತಾನೇ ಮೊದಲು ಕೈಹಚ್ಚಿದ್ದನು.

ಈ ಸರಳತೆಯ ಭಾರವನ್ನು ಮಕ್ಕಳೂ ಹೊತ್ತರೆಂಬುದನ್ನು ಹೇಳದೆ ಬಿಟ್ಟರೆ ಚರಿತ್ರೆಯು ಅಪೂರ್ಣವಾಗುವುದು. ಅವರನ್ನು ಐರೋಪ್ಯರ ಶಾಲೆಗೆ ಕಳುಹಿಸದೆ, ಕಚೇರಿಗೆ ನಡೆದು ಹೋಗುವಾಗ ಬರುವಾಗ ತಂದೆಯು ಗುಜರಾತಿಯಲ್ಲಿ ಪಾಠ ಹೇಳುತ್ತಿದ್ದರು. ಕ್ರಮವಾದ ವಿದ್ಯೆಯು ದೊರೆಯಲಿಲ್ಲವೆಂಬ ಕೊರಗಿನಿಂದ ಹಿರಿಯ ಮಗ ಹರಿಲಾಲನು ೧೯೧೧ರಲ್ಲಿ ತಂದೆಯನ್ನು ಬಿಟ್ಟು ಭಾರತಕ್ಕೆ ಹೊರಟುಹೋದನು. ಆ ಗಾಯವು ಮುಂದೆಂದಿಗೂ ಮಾಯಲಿಲ್ಲ. ಅದರ ನೋವನ್ನು ತಾಯಿಯೂ ಅನುಭವಿಸಿದಳು.

ದಂಪತಿಗಳ ಸಂಬಂಧವು ಸಮತೂಕಕ್ಕೆ ಬಂದುದು ಕಸ್ತೂರಬಾ ಅವರ ಕಾಯಿಲೆಯ ಕಾಲದಲ್ಲಿ. ರಕ್ತಸ್ರಾವದಿಂದ ಕೃಶರಾಗಿದ್ದ ಅವರಿಗೆ ೧೯೦೯ರ ಆರಂಭದಲ್ಲಿ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯು ನಡೆಯಿತು. ಗೋಮಾಂಸದ ಸಾರನ್ನು ಕೊಡದಿದ್ದರೆ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳಿದರು. ಗಾಂಧಿಯವರು ತೀರ್ಮಾನವನ್ನು ಪತ್ನಿಗೆ ಬಿಟ್ಟರು. ಪ್ರಾಣ ಹೋದರೂ ಸರಿ, ದೇಹವನ್ನು ಕೆಡಿಸಿಕೊಳ್ಳಲಾರೆನೆಂದು ಆಕೆ ದೃಢವಾಗಿ ನುಡಿದರು. ತುಂತುರುಮಳೆಯಲ್ಲಿ ರಿಕ್ಷಾದಲ್ಲಿ ನಿಲ್ದಾಣಕ್ಕೆ ಕರೆತಂದು, ನಡೆಯಲಾರದ ಪತ್ನಿಯನ್ನು ಪತಿಯು ತೋಳುಗಳಲ್ಲಿ ಎತ್ತಿಕೊಂಡು ರೈಲುಗಾಡಿಯಲ್ಲಿ ಮಲಗಿಸಿದರು. ಫೀನಿಕ್ಸಿನಲ್ಲಿ ಆಶ್ರಮದವರು ಜೋಲಿಯಲ್ಲಿ ಹೊತ್ತು ಸಾಗಿಸಿದರು. ಆ ಬಳಿಕ ರೋಗವು ಮರುಕಳಿಸಿದಾಗ ಉಪ್ಪನ್ನೂ ಬೇಳೆಯನ್ನೂ ಬಿಡಬೇಕೆಂದು ಗಾಂಧಿಯವರು ಬಹಳವಾಗಿ ಬೇಡಿದರು. ನಿಮಗೆ ಯಾರಾದರೂ ಹೇಳಿದರೆ ನೀವೂ ಬಿಡಲಾರಿರೆಂದು ಕಸ್ತೂರಬಾ ಸವಾಲು ಹಾಕಿದರು. ಪತಿಯು ಆ ಕ್ಷಣದಲ್ಲಿಯೇ ಒಂದು ವರ್ಷದ ಕಾಲ ಎರಡನ್ನೂ ತ್ಯಜಿಸಿರುವುದಾಗಿ, ಆಕೆ ಬಿಡಲಿ ಬಿಡದಿರಲಿ ತಮ್ಮ ವ್ರತವು ನಿಲ್ಲುವುದೆಂದು ಹೇಳಿದರು. ಆಕೆ ಅತ್ತು, ಮಾತನ್ನು ಹಿಂತೆಗೆದುಕೊಳ್ಳಿರೆಂದು ಬೇಡಿದರೂ ಅವರು ಕದಲಲಿಲ್ಲ. ಆಕೆಯೂ ಪಥ್ಯವನ್ನು ಹಿಡಿದರು, ಗುಣವೂ ಆಯಿತು. ಇತರರನ್ನು ಹಿಂಸಿಸದೆ ತಾನು ಕಷ್ಟವನ್ನು ವಹಿಸಿ ಎದುರಿನವರ ಮನಸ್ಸನ್ನು ತಿರುಗಿಸುವುದು ಸತ್ಯಾಗ್ರಹದ ತತ್ತ್ವವಷ್ಟೆ. ಈ ಪ್ರಸಂಗವನ್ನು ಗಾಂಧಿಯವರು ಮನೆಯೊಳಗಿನ ಸತ್ಯಾಗ್ರಹವೆಂದೇ ಕರೆದಿದ್ದಾರೆ. ಹತ್ತು ವರ್ಷಗಳ ಹಿಂದೆ ಕೈಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದ ಅದೇ ಮನುಷ್ಯನು ಇಷ್ಟು ದೂರ ನಡೆದಿದ್ದನು.

ಇನ್ನು ಹೊರಗಿನ ರಾಜ್ಯವು ಈ ಸಂಸಾರಗಳ ಬುಡಕ್ಕೇ ಕೈಹಾಕಿದ ಕಾಲವು ಬಂದಿತು. ವಿವಾಹವನ್ನು ಬಣ್ಣದ ಕನ್ನಡಿಯಿಂದ ನೋಡುವುದು ಆ ದೇಶದಲ್ಲಿ ಹೊಸದಾಗಿರಲಿಲ್ಲ. ೧೯೦೫ರ ಕೊನೆಯಲ್ಲಿ ಪೊಲಾಕ್ ದಂಪತಿಗಳ ವಿವಾಹಕ್ಕೆ ಗಾಂಧಿಯವರು ಸಾಕ್ಷಿಯಾಗಿ ನಿಂತಾಗ, ಭಾರತೀಯನನ್ನು ಜೊತೆಗಿಟ್ಟುಕೊಂಡ ವರನು ಬಿಳಿಯನೋ ಅಲ್ಲವೋ ಎಂದು ನೋಂದಣಿಯ ಅಧಿಕಾರಿಯು ಸಂಶಯಪಟ್ಟು ಮದುವೆಯನ್ನೇ ಮುಂದೂಡಹೊರಟಿದ್ದನು. ಮುಖ್ಯ ಮ್ಯಾಜಿಸ್ಟ್ರೇಟರ ಚೀಟಿಯಿಂದ ಕಾರ್ಯವು ನಡೆಯಿತು. ೧೯೧೩ರ ಮಾರ್ಚಿ ೧೪ರಂದು ಕೇಪ್ ಪ್ರಾಂತದ ಶ್ರೇಷ್ಠ ನ್ಯಾಯಸ್ಥಾನದಲ್ಲಿ ನ್ಯಾಯಮೂರ್ತಿ ಸರ್ಲ್ ಎಂಬವರು ಕೊಟ್ಟ ತೀರ್ಪು ಇದಕ್ಕಿಂತ ಘೋರವಾದುದು. ಬಹುಪತ್ನೀತ್ವಕ್ಕೆ ಎಡೆಯುಳ್ಳ ಮತದ ವಿಧಿಯಿಂದ ನಡೆದ ವಿವಾಹವನ್ನು ಕಾನೂನು ಮನ್ನಿಸದೆಂಬುದು ಅದರ ಸಾರ. ಹೋಮಾಗ್ನಿಯ ಸುತ್ತ ಸಪ್ತಪದಿಯನ್ನು ತುಳಿದು ಕೈಹಿಡಿದವಳೂ, ನಿಕಾಹದಿಂದ ಬಂದವಳೂ ಆ ದೇಶದಲ್ಲಿ ಪತ್ನಿಯಲ್ಲ. ಅವರ ಮಕ್ಕಳ ದಾಯಾಧಿಕಾರವೂ ಸಂಶಯಾಸ್ಪದವಾಯಿತು. ಮೂರು ದಶಕಗಳ ದಾಂಪತ್ಯವನ್ನು ನಡೆಸಿದ ಕಸ್ತೂರಬಾ ಅವರೂ ಈ ತೀರ್ಪಿನ ದೃಷ್ಟಿಯಲ್ಲಿ ಧರ್ಮಪತ್ನಿಯಾಗಿ ಉಳಿಯಲಿಲ್ಲ.

ಸ್ತ್ರೀಯರನ್ನೂ ಸೆರೆಮನೆಗೆ ಕಳುಹಿಸುವ ಆಲೋಚನೆಯು ಆಗ ಹುಟ್ಟಿತು. ಗಾಂಧಿಯವರು ಫೀನಿಕ್ಸಿನ ಇತರ ಮಹಿಳೆಯರೊಡನೆ ಮಾತನಾಡಿದರೇ ಹೊರತು ಪತ್ನಿಯನ್ನು ಕೇಳಲಿಲ್ಲ. ತಾನು ಕೇಳಿದರೆ ಪತಿಯ ಮಾತೆಂದು ಆಕೆ ಒಪ್ಪಬಹುದು. ಆಮೇಲೆ ನ್ಯಾಯಸ್ಥಾನದಲ್ಲಿ ಎದೆಗುಂದಿದರೆ ಅದು ಆಕೆಯ ದೋಷವಾಗಲಾರದು ಎಂದು ಅವರು ಹಿಂಜರಿದರು. ಈ ಮಾತುಕತೆಯು ಕಿವಿಗೆ ಬೀಳಲು, ಸೆರೆಮನೆಗೆ ಹೋಗಲು ತನ್ನಲ್ಲಿ ಇರುವ ಕೊರತೆಯಾದರೂ ಏನೆಂದು ಕಸ್ತೂರಬಾ ತಾವಾಗಿ ಕೇಳಿದರು. ಬೂಟನ್ನು ತೊಡಿಸುವಾಗ ಪತ್ನಿಯ ಒಪ್ಪಿಗೆಯನ್ನು ಕೇಳದಿದ್ದವರು ಈಗ ಸೆರೆಮನೆಯ ಮಾತನ್ನು ಎತ್ತಲು ಅಂಜಿದರು. ಅಂದು ಅಳುತ್ತ ಒಪ್ಪಿದ್ದವರು ಇಂದು ಕೇಳದೆಯೇ ಮುಂದೆ ಬಂದರು.

೧೯೧೩ರ ಸೆಪ್ಟೆಂಬರ್ ೧೫ರಂದು ಹದಿನಾರು ಜನರ ತಂಡವು ಫೀನಿಕ್ಸಿನಿಂದ ಹೊರಟಿತು. ಅವರಲ್ಲಿ ನಾಲ್ವರು ಸ್ತ್ರೀಯರು. ಟ್ರಾನ್ಸ್‌ವಾಲಿನ ಗಡಿಯ ಫೋಕ್ಸ್‌ರಸ್ಟಿನಲ್ಲಿ ಬಂಧಿತರಾಗಿ, ಸೆಪ್ಟೆಂಬರ್ ೨೩ರಂದು ಮೂರು ತಿಂಗಳ ಕಠಿಣಶಿಕ್ಷೆಯನ್ನು ಪಡೆದರು. ಮಾರಿಟ್ಸ್‌ಬರ್ಗಿನ ಸೆರೆಮನೆಯಲ್ಲಿ ತಮ್ಮ ಆಹಾರನಿಯಮಕ್ಕೆ ತಕ್ಕ ಊಟಕ್ಕಾಗಿ ಕಸ್ತೂರಬಾ ಉಪವಾಸ ಮಾಡಬೇಕಾಯಿತು. ಕೊಟ್ಟ ಆಹಾರವೂ ತಿನ್ನಲು ಯೋಗ್ಯವಾಗಿರಲಿಲ್ಲ. ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಅವರು ಎಲುಬಿನ ಗೂಡಾಗಿದ್ದರು. ಈ ನಡುವೆ ನ್ಯೂಕ್ಯಾಸಲಿನ ಕಲ್ಲಿದ್ದಲಿನ ಗಣಿಗಳಲ್ಲಿ ಭಾರತೀಯ ಕೂಲಿಗಳು ಕೆಲಸವನ್ನು ನಿಲ್ಲಿಸಿದ್ದರು. ಚಳವಳಿಯು ನಾಟಾಲನ್ನೆಲ್ಲ ವ್ಯಾಪಿಸಿತ್ತು. ೧೯೧೪ರಲ್ಲಿ ಸ್ಮಟ್ಸ್ ಮತ್ತು ಗಾಂಧಿಯವರ ನಡುವೆ ಒಪ್ಪಂದವಾಗಿ, ಕರಾರಿನ ಅವಧಿ ಮುಗಿದ ಕೂಲಿಗಳ ಮೇಲಿನ ಮೂರು ಪೌಂಡು ತಲೆಗಂದಾಯವು ರದ್ದಾಯಿತು. ಏಕಪತ್ನೀಕವಾದ ಭಾರತೀಯ ವಿವಾಹಗಳಿಗೆ ಕಾನೂನಿನ ಮನ್ನಣೆಯು ದೊರೆಯಿತು.

ಸೆರೆಮನೆಯಲ್ಲಿದ್ದಾಗ ಗಾಂಧಿಯವರು ತಮ್ಮ ಕೈಯಿಂದ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಜನರಲ್ ಸ್ಮಟ್ಸರಿಗೆ ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸರು ಅದನ್ನು ಬಹುಕಾಲ ಉಪಯೋಗಿಸಿ, ೧೯೩೯ರಲ್ಲಿ ಗಾಂಧಿಯವರ ಎಪ್ಪತ್ತನೆಯ ಜನ್ಮದಿನದಂದು ಗೌರವದಿಂದ ಹಿಂದಿರುಗಿಸಿದರು. ಪತ್ನಿಯ ಪಾದಗಳಿಗೆ ಬಿಳಿಯರ ಬೂಟನ್ನು ಬಲವಂತವಾಗಿ ತೊಡಿಸಿದ್ದವರು ಬಿಳಿಯರ ಸೇನಾಪತಿಗೆ ತಾವು ಹೊಲಿದ ಚಪ್ಪಲಿಯನ್ನು ಕೊಟ್ಟು ಆ ದೇಶವನ್ನು ಬಿಟ್ಟರು.

೧೯೧೪ರ ಜುಲೈ ೧೮ರಂದು ದಂಪತಿಗಳು ಇಂಗ್ಲೆಂಡಿನ ಮಾರ್ಗವಾಗಿ ಹೊರಟು, ೧೯೧೫ರ ಜನವರಿ ೯ರಂದು ಮುಂಬಯಿಯಲ್ಲಿ ಇಳಿದರು. ಗಾಂಧಿಯವರು ಕಾಠಿಯಾವಾಡದ ಅಂಗಿ, ರುಮಾಲು, ಧೋತರಗಳಲ್ಲಿದ್ದರು. ಉಡುಗೆಯ ಮಟ್ಟಿಗೆ ನೋಡಿದರೆ ಇಪ್ಪತ್ತು ವರ್ಷಗಳ ಪರದೇಶವಾಸವು ಏನನ್ನೂ ಬದಲಾಯಿಸಲಿಲ್ಲವೆಂದು ಭಾವಿಸಬಹುದು. ಆದರೆ ಆಜ್ಞೆಯಿಂದ ಬಂದ ಮಾರ್ಪಾಡುಗಳೆಲ್ಲ ಕಳಚಿಬಿದ್ದು, ಒಬ್ಬರನ್ನೊಬ್ಬರು ಎದುರಿಸಿ, ಒಬ್ಬರಿಂದೊಬ್ಬರು ಕಲಿತ ಮಾರ್ಪಾಡುಗಳು ಮಾತ್ರ ಉಳಿದಿದ್ದವು. ೧೯೪೪ರ ಫೆಬ್ರವರಿ ೨೨ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಪತಿಯ ಸನ್ನಿಧಿಯಲ್ಲಿ ಕಸ್ತೂರಬಾ ಕಣ್ಮುಚ್ಚಿದಾಗಲೂ ಅವರು ಸೆರೆಯಾಳಾಗಿಯೇ ಇದ್ದರು. ಸಹಧರ್ಮಿಣಿಯೆಂಬ ಪದಕ್ಕೆ ಪತಿಯ ಧರ್ಮವನ್ನು ಅನುಸರಿಸುವವಳೆಂದು ಮಾತ್ರ ಅರ್ಥ ಹೇಳುವುದುಂಟು. ಧರ್ಮವನ್ನು ಜೊತೆಗೂಡಿ ಕಂಡುಕೊಳ್ಳುವವಳೆಂಬ ಅರ್ಥವೂ ಅದಕ್ಕೆ ಸಲ್ಲುವುದೆಂದು ಈ ಸಂಸಾರದ ಚರಿತ್ರೆಯಿಂದ ತಿಳಿಯಬಹುದು.

ಈ ದಂಪತಿಗಳು ಲೋಕಪ್ರಸಿದ್ಧರಾದುದರಿಂದ ಅವರ ಮನೆಯ ಮಾತುಗಳು ಉಳಿದವು. ಜೀವನೋಪಾಯಕ್ಕಾಗಿ ಕಡಲನ್ನು ದಾಟಿದ ಸಾವಿರಾರು ಸಾಮಾನ್ಯ ಸಂಸಾರಗಳಲ್ಲಿಯೂ ಇಂತಹ ವಾದಗಳು, ಕಣ್ಣೀರು, ಹೊಂದಾಣಿಕೆಗಳು ನಡೆದಿವೆ. ಅವುಗಳಲ್ಲಿ ಗೃಹಿಣಿಯರ ಮಾತನ್ನು ಬರೆದಿಟ್ಟವರು ವಿರಳ. ಕನ್ನಡನಾಡಿನಿಂದ ಹೊರದೇಶಗಳಿಗೆ ಹೋದವರ ಮನೆಗಳಲ್ಲಿ ಹಳೆಯ ಕಾಗದಗಳಿದ್ದರೆ, ವೃದ್ಧ ಮಾತೆಯರ ನೆನಪುಗಳಿದ್ದರೆ, ಅವುಗಳನ್ನು ಕಾಲವು ಅಳಿಸುವುದಕ್ಕೆ ಮುಂಚೆ ಸಂಗ್ರಹಿಸಿಡುವುದು ಚರಿತ್ರೆಯಲ್ಲಿ ಆಸಕ್ತಿಯುಳ್ಳ ವಾಚಕರೆಲ್ಲರ ಕರ್ತವ್ಯವಾಗಿದೆ.